ರಾಜಿಯ ಮಾತಿಗೆ ಮುನ್ನ

ಆಷಾಢದಲ್ಲಿ ತೇರು ಎಳೆಯುವ ಊರುಗಳು ವಿರಳ. ಚಾಮರಾಜನಗರದ ಚಾಮರಾಜೇಶ್ವರಸ್ವಾಮಿಯ ತೇರು ಆ ಮಾಸದಲ್ಲಿಯೇ ನಡೆಯುತ್ತದೆ. ಅತ್ತೆ ಸೊಸೆಯರು ಒಂದೇ ಹೊಸಿಲು ದಾಟಬಾರದೆಂದು ತವರಿಗೆ ಬಂದಿರುವ ಹೊಸ ಮದುವಣಗಿತ್ತಿಯೂ, ಅವಳನ್ನು ಕಾಣಲೆಂದೇ ಬರುವ ಗಂಡನೂ ಅಂದು ಜೊತೆಗೂಡಿ ತೇರಿಗೆ ಹಣ್ಣು ಜವನ ಎಸೆಯುವುದು ಈ ಸೀಮೆಯ ಒಂದು ಸೊಗಸು. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ಕೆಲವು ವರ್ಷ ನಿಂತುಹೋಗಿದ್ದ ತೇರು 2022ರಲ್ಲಿ ಮತ್ತೆ ಹೊರಟಿತು. ಆ ಜೋಡಿಗಳ ಭಾವಚಿತ್ರವನ್ನು ಪತ್ರಿಕೆಗಳು ಅಚ್ಚುಹಾಕುತ್ತವೆ. ಆಷಾಢ ಕಳೆದು ಶ್ರಾವಣ ಬಂದರೂ ಗಂಡನ ಮನೆಗೆ ಹಿಂದಿರುಗಲಾರದೆ ತವರಿನ ಜಗುಲಿಯಲ್ಲಿ ಕುಳಿತಿರುವ ಹೆಣ್ಣುಮಕ್ಕಳ ಚಿತ್ರವನ್ನು ತೆಗೆಯುವವರಿಲ್ಲ. ಈ ಲೇಖನವು ಅವರನ್ನು ಕುರಿತದ್ದು.

ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯಿಂದ ಬಂದವನಾದ್ದರಿಂದ ಇಂಥ ಸಂಗತಿಗಳು ಹೇಗೆ ತೀರ್ಮಾನವಾಗುತ್ತವೆಂಬುದನ್ನು ನಾನು ಬಲ್ಲೆ. ಮೊದಲು ಎರಡೂ ಕಡೆಯ ನೆಂಟರು ಸೇರುತ್ತಾರೆ. ಆಮೇಲೆ ಯಜಮಾನರು ಪಂಚಾಯಿತಿ ಕೂರುತ್ತಾರೆ. ಏಟು ತಿಂದವಳು ಕಂಬದ ಮರೆಯಲ್ಲಿ ನಿಂತಿರುತ್ತಾಳೆ; ಮಾತೆಲ್ಲ ಗಂಡಸರದು. ಕಡೆಗೆ ಹಿರಿಯರೊಬ್ಬರು, “ಹೊಂದ್ಕಂಡು ಹೋಗವ್ವ, ಗಂಡ ಅಂದ್ಮೇಲೆ ಒಂದೇಟು ಹೊಡೀದೆ ಇರ್ತಾನಾ?” ಎನ್ನುತ್ತಾರೆ. ಇದಕ್ಕೆ ರಾಜಿ ಎಂದು ಹೆಸರು. ಯಜಮಾನರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮುರಿದ ಎಷ್ಟೋ ಸಂಸಾರಗಳನ್ನು ಅವರು ಕೂಡಿಸಿರುವುದೂ ಉಂಟು, ಅದೂ ಒಂದು ಕಾಸು ಫೀಜಿಲ್ಲದೆ. ನನ್ನ ಆಕ್ಷೇಪಣೆ ಬೇರೆ. ತನ್ನದೆನ್ನುವ ಹಕ್ಕು ಏನೇನಿದೆಯೆಂಬುದನ್ನೇ ತಿಳಿಯದವಳು ಯಾವುದನ್ನು ಬಿಟ್ಟುಕೊಟ್ಟು ರಾಜಿಯಾದಳೆಂದು ಹೇಳೋಣ?

ರಾಜಿ ಆಗದಿದ್ದಲ್ಲಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸುತ್ತಾರೆ. ‘ಇನ್ನು ಮುಂದೆ ಜೀವನಾಂಶ ಕೇಳುವುದಿಲ್ಲ’ ಎಂಬ ವಾಕ್ಯವೂ ಅದರಲ್ಲಿರುತ್ತದೆ. ಹೆಬ್ಬೆಟ್ಟು ಒತ್ತಿದ ಮೇಲೆ ಎಲ್ಲ ಮುಗಿಯಿತೆಂದು ಎರಡು ಮನೆಯವರೂ ತಿಳಿಯುತ್ತಾರೆ. ಆದರೆ 1955ರ ಹಿಂದೂ ವಿವಾಹ ಕಾಯಿದೆ ಇಂಥ ಬಿಡುಗಡೆಯನ್ನು ಒಪ್ಪುವುದು ಆ ಜನಾಂಗದಲ್ಲಿ ಅದು ಹಿಂದಿನಿಂದ ನಡೆದುಬಂದ ರೂಢಿಯೆಂದು ರುಜುವಾತಾದರೆ ಮಾತ್ರ. ಆಗದಿದ್ದರೆ ಅವಳು ಇನ್ನೂ ಅವನ ಹೆಂಡತಿಯೇ. ಅವನು ಇನ್ನೊಬ್ಬಳ ಕೊರಳಿಗೆ ತಾಳಿ ಕಟ್ಟಿದರೆ ಆ ಮದುವೆ ನಿಲ್ಲುವುದಿಲ್ಲ. ಇವಳು ಮತ್ತೊಂದು ಮದುವೆಯಾದರೆ ಅದೂ ನಿಲ್ಲುವುದಿಲ್ಲ. ಒಂದು ಕಾಗದದಿಂದ ಮೂರು ಮನೆಗಳು ಕೆಡುವುದನ್ನು ಊರಿನಲ್ಲಿ ಯಾರೂ ಮೊದಲೇ ಹೇಳುವುದಿಲ್ಲ.

ಕಾನೂನು ನಮ್ಮ ಕಡೆಗೆ ತಡವಾಗಿ ಬಂದಿತೆಂದು ದೂರುವಂತಿಲ್ಲ. ಕುಟುಂಬದ ಆಸ್ತಿಯಲ್ಲಿ ಹೆಂಗಸರಿಗೆ ಹಕ್ಕು ಕೊಡುವ ಕಾಯಿದೆಯನ್ನು ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಮಾಡಿತ್ತು. ಬಂದ ಕಾನೂನು ಕಚೇರಿಯಲ್ಲೇ ಉಳಿಯಿತು, ಅಷ್ಟೆ.

ಈಗ ಇರುವುದೇನು? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರಲ್ಲಿ ಜಾರಿಗೆ ಬಂದಿತು. ಅದರ 12ನೆಯ ಪ್ರಕರಣದ ಮೇರೆಗೆ ಹೆಂಗಸಿಗೆ ವಕೀಲರ ಫೀಜು, ನ್ಯಾಯಾಲಯದ ಶುಲ್ಕ, ಕಾಗದಪತ್ರಗಳ ವೆಚ್ಚ ಎಲ್ಲವೂ ಉಚಿತ. ಆಕೆಯ ವರಮಾನವೆಷ್ಟೆಂದು ಕೇಳುವ ಹಾಗಿಲ್ಲ. ಗುಂಡ್ಲುಪೇಟೆಯ ನ್ಯಾಯಾಲಯದಲ್ಲಿ ತಾಲ್ಲೂಕು ಸಮಿತಿ ಇದೆ, ಚಾಮರಾಜನಗರದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಎರಡಕ್ಕೂ ನ್ಯಾಯಾಧೀಶರೇ ಅಧ್ಯಕ್ಷರು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಾಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆ 2005ರದು, 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಹೊಡೆತವೊಂದೇ ಅಲ್ಲ, ಬೈಗುಳ, ಹೊಟ್ಟೆಗೆ ಬಟ್ಟೆಗೆ ಕೊಡದಿರುವುದು, ಒಡವೆ ಕಸಿದುಕೊಳ್ಳುವುದು ಇವೂ ಅದರ ಪ್ರಕಾರ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗುಂಟು. ಇನ್ನೊಂದು ಸಂಗತಿ ನಮ್ಮ ತಾಲ್ಲೂಕಿಗೆ ಬಹು ಮುಖ್ಯವಾದುದು: ನಂಜನಗೂಡಿಗೋ ಗಡಿಯಾಚೆಯ ಗೂಡಲೂರಿಗೋ ಕೊಟ್ಟ ಹೆಣ್ಣು ತವರಿಗೆ ಬಂದು ನಿಂತಿದ್ದರೆ, ತಾನು ಈಗಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಕೊಡಬಹುದು. ಗಂಡನೂರಿನ ಬಸ್ಸು ಹತ್ತಬೇಕಾಗಿಲ್ಲ.

“ಗಂಡನನ್ನು ಜೈಲಿಗೆ ಕಳಿಸಿದವಳು” ಎಂಬ ಅಪವಾದಕ್ಕೆ ಅಂಜಿ ಸುಮ್ಮನಿರುವವರು ಅನೇಕರು. 2005ರ ಕಾಯಿದೆ ಕೇಳುವುದು ಮೊದಲಿಗೆ ಜೈಲನ್ನಲ್ಲ, ರಕ್ಷಣೆಯ ಆಜ್ಞೆಯನ್ನು. ಆ ಆಜ್ಞೆಯನ್ನು ಮೀರಿದವನಿಗೆ ಮಾತ್ರ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೆ ಎರಡೂ.

ಆ ಕಾಯಿದೆಯ 5ನೆಯ ಪ್ರಕರಣವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ದೂರು ಬಂದೊಡನೆ ಪೊಲೀಸ್ ಅಧಿಕಾರಿಯಾಗಲಿ, ಸಂರಕ್ಷಣಾಧಿಕಾರಿಯಾಗಲಿ, ಮ್ಯಾಜಿಸ್ಟ್ರೇಟರಾಗಲಿ ಆಕೆಗೆ ಅವಳ ಹಕ್ಕುಗಳನ್ನೂ ಉಚಿತ ಕಾನೂನು ನೆರವನ್ನೂ ತಿಳಿಸಲೇಬೇಕೆಂದು ಅಲ್ಲಿ ಬರೆದಿದೆ. 2006ರ ನಿಯಮಗಳು ಇನ್ನೂ ಮುಂದೆ ಹೋಗಿ, ಆಪ್ತಸಮಾಲೋಚನೆಯಲ್ಲಿ ಗಂಡನು ತನ್ನ ಹೊಡೆತಕ್ಕೆ ಸಮರ್ಥನೆ ಹೇಳುವುದನ್ನೇ ನಿಷೇಧಿಸಿವೆ. ಇನ್ನು ಹಿಂಸೆ ಮಾಡುವುದಿಲ್ಲವೆಂದು ಅವನು ಮುಚ್ಚಳಿಕೆ ಕೊಡಬೇಕು. ನಮ್ಮ ಪಂಚಾಯಿತಿ ಕಟ್ಟೆಯಲ್ಲಾದರೋ ಅರ್ಧ ಹೊತ್ತು ಕಳೆಯುವುದು ಅವನ ಸಮರ್ಥನೆ ಕೇಳುವುದರಲ್ಲಿಯೇ. ಠಾಣೆಗೆ ಹೋದವಳಿಗೂ ಅನೇಕ ವೇಳೆ ಮೊದಲು ಸಿಗುವುದು ಬುದ್ಧಿವಾದ. ಹಕ್ಕನ್ನು ಮೊದಲು ತಿಳಿಸಿ, ಸಂಧಾನವನ್ನು ಆಮೇಲೆ ಮಾಡಿರೆಂಬ ಕ್ರಮವನ್ನು ಕಾನೂನೇ ಹಾಕಿಕೊಟ್ಟಿರುವಾಗ ನಾವು ಅದನ್ನು ತಲೆಕೆಳಗು ಮಾಡಿದ್ದೇವೆ.

ಸರ್ಕಾರದ ಏರ್ಪಾಡೂ ಸಮರ್ಪಕವಾಗಿಲ್ಲ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ವಹಿಸಿದ್ದಾರೆ. ಅಂಗನವಾಡಿಗಳ ಮೊಟ್ಟೆಯ ಲೆಕ್ಕವನ್ನೂ, ಅಳುತ್ತ ಬಂದವಳ ಅಹವಾಲನ್ನೂ ಒಬ್ಬರೇ ನೋಡಬೇಕು! ಅರವತ್ತು ದಿನಗಳಲ್ಲಿ ಅರ್ಜಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಹಾಗೆ ಆಗುವುದು ಅಪರೂಪ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿರುವುದು ದೊಡ್ಡ ಉಪಕಾರ. ವಾಯಿದೆಯ ಮೇಲೆ ವಾಯಿದೆ ಬೀಳಿಸಿ ಅವಳನ್ನು ಸುಸ್ತು ಮಾಡುವವರಿಗೆ ಇನ್ನು ಅದರಿಂದ ಅಷ್ಟು ಲಾಭವಿಲ್ಲ.

ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಸಂಸಾರ ಒಡೆಯುತ್ತದೆಂದು ನಮ್ಮ ಪೂಜ್ಯ ಅಧ್ಯಾಪಕರಲ್ಲಿ ಕೆಲವರು ಹೇಳಬಹುದು. ಲೋಕ ಅದಾಲತ್ತಿನಲ್ಲಿ ನ್ಯಾಯಾಧೀಶರ ಎದುರಿಗೆ ಮನಸ್ಸು ಮಾಡಿ ಮತ್ತೆ ಕೂಡಿದ ದಂಪತಿಗಳ ಸುದ್ದಿಯನ್ನು ಅವರೂ ಓದಿರಬೇಕು. ಆ ಕೂಡಾಟವೂ ರಾಜಿಯೇ. ಆದರೆ ಅಲ್ಲಿ ಅವಳ ಪಕ್ಕದಲ್ಲಿ ವಕೀಲರೊಬ್ಬರಿರುತ್ತಾರೆ, ಮಾತು ಬರಹದಲ್ಲಿರುತ್ತದೆ.

ಅರೆಕಾಲಿಕ ಕಾನೂನು ಸ್ವಯಂಸೇವಕರಾಗಲು ವಿದ್ಯಾರ್ಥಿಗಳಿಗೂ ಅವಕಾಶವುಂಟು. ತರಬೇತನ್ನು ಪ್ರಾಧಿಕಾರವೇ ಕೊಡುತ್ತದೆ. ನಮ್ಮ ಕಾಲೇಜಿನಿಂದ ಹತ್ತು ಮಂದಿ, ಅದರಲ್ಲಿ ಅರ್ಧದಷ್ಟಾದರೂ ಸೋದರಿಯರು, ಹೆಸರು ಕೊಡುವುದಾದರೆ ತೆರಕಣಾಂಬಿ, ಬೇಗೂರುಗಳ ಸುತ್ತಿನ ಹಳ್ಳಿಗಳಿಗೆ ಹೋಗಿಬರುವುದು ಕಷ್ಟವಲ್ಲ. ಪ್ರತಿ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಚರಂಡಿ ತೆಗೆಯುತ್ತೇವೆ, ಗಿಡ ನೆಡುತ್ತೇವೆ. ಮುಂದಿನ ಶಿಬಿರದಲ್ಲಿ ಒಂದು ಸಂಜೆ, ಯಜಮಾನರನ್ನೂ ಹೆಂಗಸರನ್ನೂ ಒಟ್ಟಿಗೆ ಕೂರಿಸಿ, ಆ 5ನೆಯ ಪ್ರಕರಣವನ್ನು ಹಳ್ಳಿಯ ಮಾತಿನಲ್ಲಿ ಓದಿ ಹೇಳಲು ಅನುಮತಿ ಕೊಡಬೇಕೆಂದು ಶಿಬಿರಾಧಿಕಾರಿಗಳನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.