ಊರಿನ ಮಳೆಯನ್ನು ಊರಿನಲ್ಲೇ ಓದಬೇಕು



ಮಗಳ ಮನೆಗೆ ಹೋಗಿ ಬಂದ ಮೇಲೆ ಹ್ಯೂಸ್ಟನ್ ನಗರದ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ಅಲ್ಲಿನ ಬಾಹ್ಯಾಕಾಶ ಕೇಂದ್ರದ ಬಗ್ಗೆ, ಅಗಲವಾದ ರಸ್ತೆಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಮಗಳ ಮನೆಯ ಹಿತ್ತಿಲಿನ ನಾಲ್ಕು ಮಡಿಗಳ ಬಗ್ಗೆ. ಅವು ನನಗೆ ನೆನಪಿಸಿಕೊಟ್ಟ ನನ್ನದೇ ಒಂದು ಹಳೆಯ ತಪ್ಪಿನ ಬಗ್ಗೆ.

2024ರ ಮೇ ತಿಂಗಳ ಕೊನೆಯಲ್ಲಿ ನಾನೂ ನನ್ನ ಶ್ರೀಮತಿಯೂ ಅಲ್ಲಿಗೆ ತಲುಪಿದೆವು. ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟೊಡನೆ ಮೈಗೆ ಅಂಟಿಕೊಂಡ ಸೆಕೆ ಮಂಗಳೂರನ್ನು ನೆನಪಿಗೆ ತಂದಿತು. ಕೊಪ್ಪೆನ್ ಎಂಬ ವಿದ್ವಾಂಸರ ವರ್ಗೀಕರಣದಂತೆ ಈ ನಗರದ್ದು ಆರ್ದ್ರ ಉಪೋಷ್ಣ ವಾಯುಗುಣ. ಶಾಂಘೈ, ಬ್ರಿಸ್ಬೇನ್, ಬ್ಯೂನಸ್ ಐರಿಸ್ ನಗರಗಳೂ ಇದೇ ಗುಂಪಿನವು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಈ ವಾಯುಗುಣದ ಲಕ್ಷಣಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆಸಿದ್ದೆನೋ: ಬೇಸಿಗೆಯಲ್ಲಿ ಬಿಸಿ ಮತ್ತು ತೇವ, ಸೌಮ್ಯವಾದ ಚಳಿಗಾಲ, ವರ್ಷವಿಡೀ ಮಳೆ. ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ಪಡೆಯುತ್ತಿದ್ದರು. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಜೂನ್ ಎರಡನೆಯ ವಾರ ಬಂದಿತು. ಮಲೆನಾಡಿನಲ್ಲಿ ಹುಟ್ಟಿದವನ ಕೈ ಸುಮ್ಮನಿರುವುದಿಲ್ಲ. ಮೃಗಶಿರ ಮಳೆಯ ಕಾಲ, ಸಸಿ ನೆಡಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು ಎಂದುಕೊಂಡು ಹನ್ನೆರಡು ಟೊಮೇಟೊ ಸಸಿ ನೆಟ್ಟೆ. ಮೂಲೆಯ ಮಡಿಯಲ್ಲಿ ಅವರೆ ಬಿತ್ತಿದೆ. ಬೀಜ ಕೊಟ್ಟವರು ಗುಜರಾತಿ ನೆರೆಯವರು. ಅವರ ಮನೆಯಲ್ಲಿ ಅದಕ್ಕೆ ಪಾಪ್ಡಿ ಎನ್ನುತ್ತಾರೆ. ಮಗಳು ಮಾತ್ರ, "ಅಪ್ಪಯ್ಯ, ಇಲ್ಲಿ ಹೀಗೆಲ್ಲ ಆಗೋದಿಲ್ಲ" ಎಂದಳು. ಮಣ್ಣಿನ ವಿಷಯ ನನಗೆ ಹೇಳಿಕೊಡಬೇಡ ಎಂದು ನಕ್ಕುಬಿಟ್ಟೆ.

ಟೊಮೇಟೊ ಗಿಡಗಳು ಸೊಂಪಾಗಿ ಬೆಳೆದವು, ಹೂ ಬಿಟ್ಟವು. ಆದರೆ ಹೂಗಳೆಲ್ಲ ತೊಟ್ಟು ಕಳಚಿ ಉದುರಿದವು. ಒಂದು ಕಾಯಿಯೂ ನಿಲ್ಲಲಿಲ್ಲ. ಕಾರಣ ಹೇಳಿದವರು ಪಕ್ಕದ ಮನೆಯ ಅಮೆರಿಕನ್ ಅಜ್ಜಿ. ರಾತ್ರಿಯ ಉಷ್ಣತೆ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಟೊಮೇಟೊ ಹೂವಿನಲ್ಲಿ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಅಲ್ಲಿ ಟೊಮೇಟೊ ನೆಡಬೇಕಾದದ್ದು ಮಾರ್ಚ್ ಆರಂಭದಲ್ಲಿ, ಕೊನೆಯ ಇಬ್ಬನಿಗಡ್ಡೆ ಬಿದ್ದುಹೋದ ಮೇಲೆ. ಜೂನ್ ವೇಳೆಗೆ ಫಸಲು ಮುಗಿದಿರಬೇಕು. ಬೇಸಿಗೆಯಲ್ಲಿ ಬೆಂಡೆ, ಅಲಸಂದೆ, ಸೋರೆ. ಅಕ್ಟೋಬರಿನಿಂದ ಮೆಂತ್ಯ, ಕೊತ್ತಂಬರಿ, ಮೂಲಂಗಿ, ಕೋಸು. ನಾವು ಚಳಿಯ ದೇಶವೆಂದು ತಿಳಿಯುವ ನಾಡಿನಲ್ಲಿ ಸೊಪ್ಪು ತರಕಾರಿಗೆ ಹೇಳಿಮಾಡಿಸಿದ ಕಾಲ ಚಳಿಗಾಲವೇ!

ಮಣ್ಣೂ ನನಗೆ ಪಾಠ ಹೇಳಿತು. ಅದು ನಮ್ಮ ಎರೆಮಣ್ಣಿನ ದಾಯಾದಿ. ಮಳೆ ಬಂದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ ಸುರಿಯುವ ಸಮತಟ್ಟಾದ ಊರಿನಲ್ಲಿ ಅಂಥ ಮಣ್ಣಿನಿಂದ ನೀರು ಬಸಿದುಹೋಗುವುದಿಲ್ಲ. ಅದಕ್ಕೇ ಅಲ್ಲಿನವರು ಹಲಗೆ ಕಟ್ಟಿ ಎತ್ತರದ ಮಡಿಗಳನ್ನು ಮಾಡುತ್ತಾರೆ.

ಇನ್ನು ಅವರೆಯ ಕಥೆ. ಜುಲೈ 8ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ವಿದ್ಯುತ್ ಇಲ್ಲವಾಯಿತು; ನಮ್ಮ ಅವರೆಯ ಚಪ್ಪರವೂ ನೆಲಕಚ್ಚಿತು. ಎತ್ತಿ ಕಟ್ಟಿದೆವು. ಬಳ್ಳಿ ಮತ್ತೆ ಚಿಗುರಿ ಬೇಲಿಯನ್ನೆಲ್ಲ ಮುಚ್ಚಿತು. ಆಗಸ್ಟ್ ಕಳೆಯಿತು, ಹೂವಿನ ಸುಳಿವಿಲ್ಲ. ನನ್ನ ಶ್ರೀಮತಿ ದಿನವೂ ಬಳ್ಳಿಯನ್ನು ಗದರಿಸುತ್ತಿದ್ದಳು. ನಾಟಿ ಅವರೆಗೆ ಹಗಲು ಕಿರಿದಾದರೇ ಹೂವಾಗುವ ಸ್ವಭಾವ. ಜೂನ್ ತಿಂಗಳ ದೀರ್ಘ ಹಗಲು ನಮ್ಮಲ್ಲಿ ಸುಮಾರು 13 ಗಂಟೆ. ಹ್ಯೂಸ್ಟನ್‌ನಲ್ಲಿ 14 ಗಂಟೆ. ಅಕ್ಷಾಂಶ ಹೆಚ್ಚಿದಂತೆ ಬೇಸಿಗೆಯ ಹಗಲು ಹಿಗ್ಗುತ್ತದೆ ಎಂದು ಗೋಳವನ್ನು ತಿರುಗಿಸಿ ನಿಮಗೆಲ್ಲ ತೋರಿಸಿದವನು ನಾನೇ. ಅದು ಹಿತ್ತಿಲಿನ ಬಳ್ಳಿಗೆ ಗೊತ್ತಿತ್ತು, ಮೇಷ್ಟ್ರಿಗೆ ಮರೆತಿತ್ತು! ಅಕ್ಟೋಬರಿನಲ್ಲಿ ಬಳ್ಳಿ ತುಂಬ ಹೂವಾಯಿತು. ನಾವು ಊರಿಗೆ ಹೊರಡುವ ಮುನ್ನ ಒಂದೇ ಒಂದು ದಿನ ಹುಳಿಗಾಗುವಷ್ಟು ಕಾಯಿ ಸಿಕ್ಕಿತು.

ಆ ಅಜ್ಜಿ ಒಂದು ದಿನ ತಮ್ಮ ಟಿಪ್ಪಣಿ ಪುಸ್ತಕ ತೋರಿಸಿದರು. ಅಂಗಳದಲ್ಲೊಂದು ಮಳೆಮಾಪಕ, ಪಕ್ಕದಲ್ಲೊಂದು ಉಷ್ಣಮಾಪಕ. ಎಷ್ಟೋ ವರ್ಷಗಳಿಂದ ದಿನಕ್ಕೊಂದು ಸಾಲು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ಮಾಪಕ ತುಂಬಿ ತುಂಬಿ ಚೆಲ್ಲಿದ್ದು ಅದರಲ್ಲಿತ್ತು. 2021ರ ಫೆಬ್ರವರಿಯಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗಿಳಿದು ಅವರ ಕಿತ್ತಳೆ ಗಿಡಗಳು ಸತ್ತದ್ದೂ ಇತ್ತು. 'ಸೌಮ್ಯವಾದ ಚಳಿಗಾಲ' ಎಂದು ನಾನು ಬರೆಸಿದ್ದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ನಮಗೆ ಉತ್ತರದಲ್ಲಿ ಹಿಮಾಲಯದ ತಡೆಗೋಡೆಯಿದೆ. ಅವರಿಗೆ ಕೆನಡಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಅಡ್ಡಲಾಗಿ ಒಂದು ಪರ್ವತವೂ ಇಲ್ಲ. ಧ್ರುವದ ಗಾಳಿ ನೇರವಾಗಿ ಇಳಿದುಬರುತ್ತದೆ.

ಆ ಪುಸ್ತಕದ ಹಾಳೆ ತಿರುವುತ್ತಿದ್ದಾಗ ನನಗೆ ಒಬ್ಬ ಹುಡುಗ ನೆನಪಾದ.

1990ರ ದಶಕದಲ್ಲಿ ನಾನು ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ ಶಾಲೆಯೊಂದರಲ್ಲಿದ್ದೆ. ಪರೀಕ್ಷೆಯಲ್ಲಿ 'ಮಳೆಗಾಲವನ್ನು ವಿವರಿಸಿ' ಎಂಬ ಐದು ಅಂಕದ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ನೈರುತ್ಯ ಮಾರುತ, ಜುಲೈ ತಿಂಗಳು ಎಂದು ಬರೆದರು. ರೈತನ ಮಗನೊಬ್ಬ ಮಾತ್ರ, ಆಷಾಢದಲ್ಲಿ ಗಾಳಿ ಬೀಸುತ್ತದೆ, ದೊಡ್ಡ ಮಳೆ ಬರುವುದು ಹಸ್ತ, ಚಿತ್ತೆಯಲ್ಲಿ ಎಂದು ಬರೆದಿದ್ದ. ಒಂದು ಅಂಕ ಕೊಟ್ಟು, ಕೆಂಪು ಶಾಯಿಯಲ್ಲಿ 'ಪಠ್ಯಪುಸ್ತಕ ಓದು' ಎಂದು ಗೀಚಿದೆ. ಅವನು ಬಂದು, "ನಮ್ಮೂರಾಗೆ ಹಂಗೇ ಸಾರ್ ಬರೋದು" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ.

ಅವನು ಬರೆದದ್ದೇ ಸರಿ. ಪಶ್ಚಿಮ ಘಟ್ಟಗಳ ಮಳೆನೆರಳಿನ ಆ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಷಾಢದ ಗಾಳಿಗೆ ಸಾಕ್ಷಿಯಾಗಿ ಇಂದು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ನನ್ನ ಮಲೆನಾಡಿನ ಮಳೆಗಾಲವನ್ನೇ ನಾನು ಲೋಕದ ಮಳೆಗಾಲವೆಂದು ನಂಬಿದ್ದೆ. ಅಲ್ಲಿಂದ ಮುಂದೆ ಆ ಹುಡುಗ ತನ್ನೂರಿನ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಪಠ್ಯದಂತೆಯೇ ಬರೆದ, ಒಳ್ಳೆಯ ಅಂಕ ಪಡೆದ. ಅಂದು ಅದು ನನಗೆ ಗೆಲುವಾಗಿ ಕಂಡಿತ್ತು. ಕಣ್ಣಾರೆ ಕಂಡದ್ದನ್ನು ನಂಬಬೇಡವೆಂದು ಒಂದು ಮಗುವಿಗೆ ಕಲಿಸಿದ್ದೆ ಎಂಬುದು ಇಂದು ಅರಿವಾಗುತ್ತಿದೆ.

ಹವಾಮಾನವನ್ನು ಈಗ ಫೋನೇ ಹೇಳುತ್ತದಲ್ಲ ಎಂದು ನೀವು ಕೇಳಬಹುದು. ಫೋನು ನಾಳೆಯ ಮಾತು ಹೇಳುತ್ತದೆ. ನಿಮ್ಮ ಅಂಗಳದಲ್ಲಿ ಹತ್ತು ವರ್ಷದಲ್ಲಿ ಏನಾಯಿತೆಂದು ಹೇಳುವುದಿಲ್ಲ. ನಮ್ಮ ಹಿರಿಯರ ಮಳೆ ನಕ್ಷತ್ರಗಳ ಲೆಕ್ಕವೂ ತಲೆತಲಾಂತರದಿಂದ ಬಂದ ಅಂಥದೇ ಒಂದು ಟಿಪ್ಪಣಿ ಪುಸ್ತಕ. ಅದನ್ನು ಹ್ಯೂಸ್ಟನ್‌ಗೆ ಕೊಂಡೊಯ್ದದ್ದು ನನ್ನ ತಪ್ಪು. ಹಿರಿಯರು ನೋಡಿದಂತೆ ನೋಡುವುದನ್ನು ನಿಲ್ಲಿಸಿದ್ದು ನಮ್ಮೆಲ್ಲರ ತಪ್ಪು. ಹವಾಮಾನ ಬದಲಾಗುತ್ತಿದೆ ಎಂದು ಭಾಷಣ ಕೇಳುವ ಮಕ್ಕಳಿಗೆ ತಮ್ಮೂರಿನಲ್ಲಿ ಮೊದಲು ಹೇಗಿತ್ತೆಂಬುದೇ ತಿಳಿಯದಿದ್ದರೆ ಆ ಭಾಷಣ ಯಾವ ಪ್ರಯೋಜನಕ್ಕೆ?

ಆದ್ದರಿಂದ ಪ್ರತಿ ಶಾಲೆಯ ಅಂಗಳದಲ್ಲೂ ಒಂದು ಮಳೆಮಾಪಕವಿರಲಿ, ಅದನ್ನು ಮಕ್ಕಳೇ ಓದಲಿ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ದುಡ್ಡೂ ಬೇಕಿಲ್ಲ. ಬಾಯಿಯೂ ತಳವೂ ಒಂದೇ ಅಗಲವಿರುವ, ತಳ ಸಮತಟ್ಟಾದ ಡಬ್ಬ, ಒಂದು ಅಡಿಪಟ್ಟಿ, ಒಂದು ಪುಸ್ತಕ ಸಾಕು. ನಮ್ಮ ಹವಾಮಾನ ಇಲಾಖೆ ಅಳೆಯುವಂತೆ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ನಿಮ್ಮಲ್ಲಿ ಎಷ್ಟೋ ಮಂದಿ ಈಗ ಮೇಷ್ಟ್ರುಗಳಾಗಿದ್ದೀರಿ. ಇದನ್ನು ನಿಮಗೆ ವಿಶೇಷವಾಗಿ ಹೇಳುತ್ತಿದ್ದೇನೆ.

ನಾನೂ ನಮ್ಮ ಮನೆಯ ತುಳಸಿಕಟ್ಟೆಯ ಪಕ್ಕ ಒಂದು ಡಬ್ಬ ಇಟ್ಟಿದ್ದೇನೆ. ಆ ಹುಡುಗ, ಈಗ ನಡುವಯಸ್ಸಿನ ಗೃಹಸ್ಥ, ಇದನ್ನು ಓದುತ್ತಿದ್ದರೆ ಒಂದು ಮಾತು: ಅಪ್ಪಾ, ಉಳಿದ ನಾಲ್ಕು ಅಂಕ ನನ್ನ ಬಳಿಯೇ ಇವೆ. ನಿಮ್ಮೂರಿಗೆ ಈ ಸಲ ಹಸ್ತ, ಚಿತ್ತೆ ಹೇಗೆ ಬಂದವೆಂದು ಬರೆದು ತಿಳಿಸು.