ಬಹಿಷ್ಕಾರದ ಬೆಲೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮಾರುಕಟ್ಟೆಯ ಬಾಗಿಲು ಮುಚ್ಚುವುದೆಂದರೆ ಏನೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿದ ಕೊಬ್ಬರಿಗೆ ಕೊಳ್ಳುವವರಿಲ್ಲದಿದ್ದರೆ ಮೊದಲು ಕಂಗೆಡುವವನು ಸಿರಿವಂತನಲ್ಲ. ನಾಲ್ಕು ಮರಗಳನ್ನೇ ನಂಬಿದ ಬಡ ರೈತ. ಹೀಗಿರುವಾಗ, ತನ್ನ ಪ್ರಜೆಗಳನ್ನೇ ತುಳಿಯುವ ಸರಕಾರವನ್ನು ಮಣಿಸಲು ಆ ದೇಶದೊಡನೆ ವ್ಯಾಪಾರವನ್ನು ನಿಲ್ಲಿಸುವುದು ಧರ್ಮವೇ?

ಈ ಪ್ರಶ್ನೆಗೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಂದು ಉತ್ತರವಿದೆ. ದಕ್ಷಿಣ ಆಫ್ರಿಕದ ಬಿಳಿಯರ ಸರಕಾರವು ಅಲ್ಲಿನ ಭಾರತೀಯರ ಭೂಮಿಯ ಹಕ್ಕನ್ನು ಮೊಟಕುಗೊಳಿಸಿದಾಗ, 1946ರಲ್ಲಿ ಭಾರತವು ಅದರೊಡನೆ ವ್ಯಾಪಾರವನ್ನು ಕಡಿದುಕೊಂಡಿತು. ವಿಶ್ವಸಂಸ್ಥೆಯಲ್ಲಿ ದೂರನ್ನೂ ಸಲ್ಲಿಸಿತು. ಆಗ ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಗೋಣಿಚೀಲ ಮೊದಲಾದ ನಮ್ಮ ಸರಕುಗಳಿಗೆ ಅಲ್ಲಿದ್ದ ಮಾರುಕಟ್ಟೆ ಕೈಬಿಟ್ಟಿತು. 1974ರಲ್ಲಿ ಡೇವಿಸ್ ಕಪ್ ಟೆನಿಸ್ ಪಂದ್ಯಾವಳಿಯ ಅಂತಿಮ ಸುತ್ತಿಗೆ ತಲಪಿದ್ದರೂ, ಎದುರಾಳಿ ದಕ್ಷಿಣ ಆಫ್ರಿಕವೆಂಬ ಕಾರಣದಿಂದ ಭಾರತವು ಆಡದೆ ಪ್ರಶಸ್ತಿಯನ್ನೇ ಬಿಟ್ಟುಕೊಟ್ಟಿತು. ಪರರನ್ನು ದಂಡಿಸಹೊರಟವರು ತಾವೂ ನಷ್ಟವನ್ನು ಹೊತ್ತರು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಬಹಿಷ್ಕಾರವನ್ನು ಬೇಡಿದವರು ಸ್ವತಃ ನೊಂದವರು. ತಮ್ಮ ಜನಕ್ಕೂ ಕಷ್ಟವಾಗುವುದೆಂದು ಬಲ್ಲವರಾಗಿಯೂ ಆಲ್ಬರ್ಟ್ ಲುಥುಲಿಯವರು 1959ರಲ್ಲಿ ಹೊರದೇಶಗಳಿಗೆ ಈ ಮನವಿಯನ್ನು ಮಾಡಿದರು.

ಎಲ್ಲ ನಿರ್ಬಂಧಗಳೂ ಹೀಗಿರುವುದಿಲ್ಲ. ಕುವೈತ್ ಮೇಲಿನ ಆಕ್ರಮಣಕ್ಕಾಗಿ 1990ರಲ್ಲಿ ಇರಾಕಿನ ಮೇಲೆ ಹೇರಿದ ನಿರ್ಬಂಧದಿಂದ ಅಲ್ಲಿನ ಬಡವರು ಅನ್ನಕ್ಕೂ ಔಷಧಕ್ಕೂ ಪರದಾಡಿದರು. ಸದ್ದಾಂ ಹುಸೇನರ ಅಧಿಕಾರವಾದರೋ 2003ರ ಯುದ್ಧದವರೆಗೆ ಅಲುಗಲಿಲ್ಲ. ಅರಮನೆಯನ್ನು ಮುಟ್ಟದೆ ಗುಡಿಸಲನ್ನು ಸುಡುವ ಬೆಂಕಿಯನ್ನು ನ್ಯಾಯವೆಂದು ಕರೆಯಲಾಗದು.

ಆದುದರಿಂದ ಬಹಿಷ್ಕಾರವನ್ನು ಹೂಡುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನೊಂದವರು ಇದನ್ನು ಬಯಸಿದ್ದಾರೆಯೇ? ಇದರ ಬೆಲೆಯಲ್ಲಿ ನಮ್ಮ ಪಾಲೂ ಇದೆಯೇ? ಸಂಧಾನದ ಬಾಗಿಲು ತೆರೆದಿದೆಯೇ?

ಇಷ್ಟಾದ ಮೇಲೂ ತಾಳ್ಮೆ ಬೇಕು. ಅಟ್ಟದ ಮೇಲಿನ ಕಾಯಿಯನ್ನು ಆತುರದಿಂದ ಒಡೆದರೆ ಉಂಡೆ ಕೊಬ್ಬರಿ ದೊರೆಯದು. ಒಳಗಿನ ತಿರುಳು ತಾನಾಗಿ ಒಣಗಿ, ಚಿಪ್ಪನ್ನು ಬಿಟ್ಟು ಸದ್ದು ಮಾಡಬೇಕು. ದಕ್ಷಿಣ ಆಫ್ರಿಕದಲ್ಲಿ ಚಿಪ್ಪನ್ನು ಬಿಡಿಸಿದ್ದು ಮುಖ್ಯವಾಗಿ ಅಲ್ಲಿನ ಜನರ ಹೋರಾಟವೇ. ಹೊರಗಿನ ಒತ್ತಡವು ಅದಕ್ಕೆ ನೆರವಾಯಿತು. 1990ರಲ್ಲಿ ನೆಲ್ಸನ್ ಮಂಡೇಲ ಸೆರೆಯಿಂದ ಹೊರಬಂದರು, ಮಾತುಕತೆ ನಡೆಯಿತು, 1994ರಲ್ಲಿ ಎಲ್ಲ ವರ್ಣದವರೂ ಮತ ಚಲಾಯಿಸಿದರು. ಭಾರತವು ಬಾಗಿಲು ಮುಚ್ಚಿ ಆ ವೇಳೆಗೆ 48 ವರ್ಷಗಳಾಗಿದ್ದವು.