ಮನೆಯ ಮಲಿನಜಲ ಕುಂಡದ ದುರ್ಗಂಧವೂ ಯಜಮಾನರ ಕರ್ತವ್ಯವೂ

ಹಿಂದೆ ನಮ್ಮ ಹಳ್ಳಿಗಳಲ್ಲಿ ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹರಿದುಹೋಗುತ್ತಿತ್ತು. ಈಗ ಮನೆಯೊಳಗೇ ಶೌಚಗೃಹಗಳಾಗಿ, ಅವುಗಳಿಗೆ ಸೆಪ್ಟಿಕ್ ಟ್ಯಾಂಕುಗಳೂ ಆಗಿವೆ. ಅನುಕೂಲಸ್ಥರಾದ ಕೆಲವರು ತಮ್ಮ ತೋಟದ ಮನೆಗಳಲ್ಲಿ ಸಾಧಾರಣ ಟ್ಯಾಂಕಿಗೆ ಬದಲಾಗಿ, ಗಾಳಿ ಪಂಪಿನಿಂದ ಮಲಿನಜಲಕ್ಕೆ ಎಡೆಬಿಡದೆ ಗಾಳಿಯನ್ನೂದುವ ಕುಂಡಗಳನ್ನು ಹಾಕಿಸಿರುತ್ತಾರೆ. ಇವುಗಳ ವಿಷಯವಾಗಿ ಕೇಳಿಬರುವ ಮುಖ್ಯ ದೂರು ದುರ್ಗಂಧದ್ದು. ನಾತ ಬಂದೊಡನೆ ಕುಂಡಕ್ಕೆ ಫಿನಾಯಿಲನ್ನು ಸುರಿಯುವುದೂ, ಅದರಿಂದ ಗುಣ ಕಾಣದಿದ್ದರೆ ಕೂಲಿಯ ಆಳೊಬ್ಬನನ್ನು ಒಳಕ್ಕಿಳಿಸುವುದೂ ರೂಢಿಯಾಗಿದೆ. ಮೊದಲನೆಯದು ಕುಂಡವನ್ನು ಕೆಡಿಸುತ್ತದೆ. ಎರಡನೆಯದು ಮನುಷ್ಯನನ್ನು ಕೊಲ್ಲಬಹುದು. ದುರ್ಗಂಧದ ಕಾರಣವನ್ನು ಮನೆಯ ಯಜಮಾನರೇ ವಿಚಾರಿಸಿ ತಿಳಿಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಈ ಕುಂಡದ ಕೆಲಸವು ವ್ಯವಸಾಯಗಾರರಿಗೆ ಹೊಸತಲ್ಲ. ಗೊಬ್ಬರದ ರಾಶಿಯನ್ನು ಆಗಾಗ್ಗೆ ತಿರುವಿ, ಒಳಕ್ಕೆ ಗಾಳಿ ಆಡುವಂತೆ ಇಟ್ಟರೆ ಅದು ಹೆಚ್ಚು ನಾರದೆ ಕಳಿಯುತ್ತದೆ. ಅದೇ ರಾಶಿಯಲ್ಲಿ ಮಳೆಯ ನೀರು ನಿಂತು ಗಾಳಿ ಕಟ್ಟಿಹೋದರೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಮಲಿನಜಲದಲ್ಲಿಯೂ ಹೀಗೆಯೇ. ಆಮ್ಲಜನಕವಿರುವಾಗ ಒಂದು ಜಾತಿಯ ಸೂಕ್ಷ್ಮಜೀವಿಗಳು ಕಶ್ಮಲವನ್ನು ನಾತವಿಲ್ಲದೆ ಜೀರ್ಣಮಾಡುತ್ತವೆ. ಗಾಳಿ ತಪ್ಪಿದಾಗ ಬೇರೆ ಜಾತಿಯವು ತಲೆಯೆತ್ತಿ, ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೋಜನ್ ಸಲ್ಫೈಡೆಂಬ ವಿಷವಾಯುವನ್ನು ಹುಟ್ಟಿಸುತ್ತವೆ.

ಈ ವಿದ್ಯೆಗೂ ನಮ್ಮ ನಾಡಿಗೂ ಹಳೆಯ ಸಂಬಂಧವುಂಟು. ಮಲಿನಜಲಕ್ಕೆ ಗಾಳಿಯನ್ನೂದಿ, ತಳಕ್ಕಿಳಿದ ಕೆಸರನ್ನು ಮತ್ತೆ ಮತ್ತೆ ಬಳಸಿ ಶುದ್ಧಿಮಾಡುವ ಕ್ರಮವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು 1914ರಲ್ಲಿ ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬ ವಿದ್ವಾಂಸರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದು, ಕಶ್ಮಲದಲ್ಲಿರುವ ಸಾರಜನಕವನ್ನು ಭೂಮಿಗೆ ಉಳಿಸುವ ವಿಷಯದಲ್ಲಿ ಬಹುಕಾಲ ಶ್ರಮಿಸಿದರು. ಇಂದು ತೋಟದ ಮನೆಯ ಹಿತ್ತಿಲಲ್ಲಿ ಹೂಳಿಸುವ ಕುಂಡವೂ ಅದೇ ತತ್ತ್ವದ ಮೇಲೆ ನಡೆಯತಕ್ಕದ್ದು.

ಆದುದರಿಂದ ಕುಂಡವು ನಾರಿದರೆ ಮೊದಲು ವಿಚಾರಿಸಬೇಕಾದದ್ದು ಗಾಳಿಯನ್ನು. ಪಂಪಿನ ಸದ್ದು ಕೇಳಿಸುತ್ತಿದೆಯೇ? ವಿದ್ಯುತ್ತಿನ ಸ್ವಿಚ್ಚನ್ನು ಯಾರಾದರೂ ಆರಿಸಿರುವರೇ? ಗಾಳಿಯನ್ನು ಒಳಕ್ಕೆಳೆಯುವ ಜಾಲರಿಯಲ್ಲಿ ಧೂಳು ಕಟ್ಟಿದೆಯೇ? ಗಾಳಿಯ ಕೊಳವೆಯನ್ನು ಇಲಿ ಕಡಿದಿದೆಯೇ, ಗುದ್ದಲಿಯ ಪೆಟ್ಟಿಗೆ ಒಡೆದಿದೆಯೇ? ಪಂಪು ನಡೆಯುತ್ತಿದ್ದರೂ ನೀರಿನಲ್ಲಿ ಗುಳ್ಳೆಗಳು ಏಳದಿದ್ದರೆ ತಳದ ರಂಧ್ರಗಳು ಕಟ್ಟಿವೆಯೆಂದು ತಿಳಿಯಬೇಕು. ಜಾಲರಿಯನ್ನು ಎರಡು ಮೂರು ತಿಂಗಳಿಗೊಮ್ಮೆ, ವಿದ್ಯುತ್ತನ್ನು ನಿಲ್ಲಿಸಿದ ಬಳಿಕ, ಶುಚಿಮಾಡುವುದು ಒಳ್ಳೆಯದು. ಗಾಳಿ ಪಂಪನ್ನು ನೀರಾವರಿಯ ಪಂಪುಸೆಟ್ಟಿನ ತಂತಿಗೆ ಜೋಡಿಸಲಾಗದು. ಆ ತಂತಿಯಲ್ಲಿ ದಿನದ ಕೆಲವು ಗಂಟೆ ಮಾತ್ರ ವಿದ್ಯುತ್ತು ಬರುವ ಕಡೆಗಳಲ್ಲಿ ಉಳಿದ ಹೊತ್ತೆಲ್ಲ ಕುಂಡಕ್ಕೆ ಉಸಿರಿರುವುದಿಲ್ಲ. ಮನೆಯ ದೀಪದ ತಂತಿಗೇ ಜೋಡಿಸತಕ್ಕದ್ದು.

ಗಾಳಿ ಸರಿಯಾಗಿದ್ದೂ ನಾತವಿದ್ದರೆ ಮನೆಯಿಂದ ಏನೇನು ಹರಿದು ಬರುತ್ತಿದೆಯೆಂಬುದನ್ನು ನೋಡಬೇಕು. ಫಿನಾಯಿಲು, ಚೆಲುವೆಪುಡಿ, ಆಸಿಡ್ಡು ಇವುಗಳನ್ನು ಧಾರಾಳವಾಗಿ ಸುರಿದರೆ ಕಶ್ಮಲವನ್ನು ತಿನ್ನುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಫಿನಾಯಿಲಿನ ವಾಸನೆಯಲ್ಲಿ ಎರಡು ದಿನ ದುರ್ಗಂಧವು ಮರೆಯಾಗಬಹುದು. ಮೂರನೆಯ ದಿನ ಅದು ಮೊದಲಿಗಿಂತ ಹೆಚ್ಚಾಗಿ ಬರುತ್ತದೆ. ಅಡಿಗೆಮನೆಯ ಎಣ್ಣೆ ಜಿಡ್ಡು, ಕೊಟ್ಟಿಗೆ ತೊಳೆದ ನೀರು, ಹಾಲಿನ ಪಾತ್ರೆಗಳ ತೊಳೆ ಇವುಗಳ ಭಾರವನ್ನು ಐದಾರು ಜನರ ಮನೆಗೆಂದು ಮಾಡಿದ ಕುಂಡವು ತಾಳಲಾರದು. ಮದುವೆ ಮುಂಜಿಗಳಲ್ಲಿ ನೂರಾರು ಜನರು ಸೇರಿದಾಗ ಬೇರೆ ಏರ್ಪಾಡು ಮಾಡಿಕೊಳ್ಳುವುದು ಲೇಸು. ಹೊಸದಾಗಿ ಹಾಕಿಸಿದ ಕುಂಡವು ಮೊದಲ ಕೆಲವು ವಾರ ನಾರಿದರೆ ಗಾಬರಿಪಡಬೇಕಾದದ್ದಿಲ್ಲ. ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಅಷ್ಟು ಕಾಲ ಬೇಕು.

ಮೂರನೆಯ ಕಾರಣವು ಕೆಸರು ತುಂಬುವುದು. ಕೆಲಸ ಬಲ್ಲವನಿಂದ ಗಾಳಿಯಾಡುವ ಕೋಣೆಯ ನೀರನ್ನು ಉದ್ದ ಹಿಡಿಯ ಸೌಟಿನಿಂದ ತೆಗೆಯಿಸಿ, ಗಾಜಿನ ಜಾಡಿಯಲ್ಲಿ ಅರ್ಧ ಗಂಟೆ ಅಲುಗಿಸದೆ ಇಡಿಸಿರಿ. ಕಂದು ಬಣ್ಣದ ಕೆಸರು ತಳಕ್ಕಿಳಿದು, ಮೇಲೆ ತಿಳಿನೀರು ನಿಂತು, ಒದ್ದೆಮಣ್ಣಿನ ವಾಸನೆ ಬಂದರೆ ಕುಂಡವು ಆರೋಗ್ಯವಾಗಿದೆ. ಕೆಸರು ಕಪ್ಪಾಗಿ ನಾರಿದರೆ ಗಾಳಿ ಸಾಲದು. ಕೆಸರೇ ಜಾಡಿಯ ಅರ್ಧಕ್ಕಿಂತ ಬಹಳ ಮೇಲಕ್ಕೆ ನಿಂತರೆ ಹೀರುವ ಯಂತ್ರದ ಬಂಡಿಯನ್ನು ಕರೆಯಿಸುವ ಕಾಲ ಬಂದಿದೆ.

ಕೆಲವೊಮ್ಮೆ ಕುಂಡದ್ದು ತಪ್ಪೇ ಇರುವುದಿಲ್ಲ. ನಾತವು ಮನೆಯೊಳಗೆ ಮಾತ್ರ ಇದ್ದರೆ, ಬಹುದಿನ ಬಳಸದ ಬಚ್ಚಲಿನ ಕೊಳವೆಯ ಬಾಗಿನಲ್ಲಿ ನಿಲ್ಲಬೇಕಾದ ನೀರು ಆರಿಹೋಗಿರಬಹುದು. ಒಂದು ಚೆಂಬು ನೀರು ಹೊಯ್ದರೆ ಅದು ನಿಲ್ಲುತ್ತದೆ. ಮುಚ್ಚಳದ ಸುತ್ತ ನಾತವಿದ್ದರೆ ರಬ್ಬರಿನ ಬಿಗಿಪಟ್ಟಿ ಹರಿದಿರಬಹುದು. ಹೊಗೆಗೂಡಿನಂತೆ ಮೇಲಕ್ಕೆ ಹೋಗುವ ವಾಯುಕೊಳವೆಯು ಮನೆಯ ಮಾಡಿಗಿಂತ ತಗ್ಗಾಗಿದ್ದರೆ ಅಥವಾ ಅದರಲ್ಲಿ ಹಕ್ಕಿಯು ಗೂಡು ಕಟ್ಟಿದ್ದರೆ ನಾತವು ಅಂಗಳಕ್ಕೇ ಇಳಿಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಹೈಡ್ರೋಜನ್ ಸಲ್ಫೈಡು ಸ್ವಲ್ಪವಿದ್ದಾಗ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ ನಾತವಿಲ್ಲವೆಂದು ಒಳಕ್ಕಿಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳಬಹುದು. ಅವನನ್ನು ಎತ್ತಲು ಇಳಿದವನೂ ಹಾಗೆಯೇ ಬೀಳುತ್ತಾನೆ. ತಕ್ಕ ರಕ್ಷಣೆಯಿಲ್ಲದೆ ಆಳನ್ನು ಮಲಕುಂಡಕ್ಕೆ ಇಳಿಸುವುದು 2013ರ ಕೇಂದ್ರ ಶಾಸನದ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೇ 2 ವರ್ಷಗಳವರೆಗೆ ಸೆರೆ, ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಒಳಚರಂಡಿಯ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಆಜ್ಞೆಮಾಡಿತು. ಶಾಸನದ ಭಯವು ಹಾಗಿರಲಿ. ನಮ್ಮ ಮನೆಯ ಕಶ್ಮಲಕ್ಕಾಗಿ, ಬಡತನದಿಂದ ಇಲ್ಲವೆನ್ನಲಾರದ ಒಬ್ಬನು ಪ್ರಾಣ ಕೊಡುವುದು ಯಾವ ಧರ್ಮ? ಕಾಲಕಾಲಕ್ಕೆ ಗಾಳಿಯನ್ನೂ ಕೆಸರನ್ನೂ ವಿಚಾರಿಸುತ್ತಿದ್ದ ಮನೆಯಲ್ಲಿ ಆಳನ್ನು ಇಳಿಸುವ ಪ್ರಸಂಗವೇ ಬರಲಾರದು.

ಇಷ್ಟೆಲ್ಲ ಉಪಚಾರ ಯಾರಿಂದಾದೀತೆಂದು ಕೆಲವರು ಕೇಳಬಹುದು. ಅವರ ಮಾತಿನಲ್ಲಿ ನ್ಯಾಯವಿದೆ. ವಿದ್ಯುತ್ತು ನಂಬುವಂತಿಲ್ಲದ ಕಡೆಯಲ್ಲಿಯೂ, ನೋಡಿಕೊಳ್ಳುವವರಿಲ್ಲದ ಮನೆಯಲ್ಲಿಯೂ ಈ ಕುಂಡವನ್ನು ಹಾಕಿಸದಿರುವುದೇ ಮೇಲು. ನೀರಿನ ಒರತೆ ಆಳದಲ್ಲಿರುವ ಕಡೆ ಒಂದಾದ ಮೇಲೊಂದರಂತೆ ಬಳಸುವ ಎರಡು ಗುಂಡಿಗಳ ಶೌಚಗೃಹವು ಸಾಕು. ಅದಕ್ಕೆ ಯಂತ್ರವೂ ಬೇಡ. ನೆರೆಯವರಲ್ಲಿದೆಯೆಂಬ ಕಾರಣದಿಂದ ಹಾಕಿಸಿ, ಪಂಪನ್ನು ಮರೆತರೆ, ಹಣ ಕೊಟ್ಟು ದುರ್ಗಂಧವನ್ನು ಕೊಂಡಂತಾಗುತ್ತದೆ. ಹಾಕಿಸಿದವರಾದರೋ ಎತ್ತಿಗೆ ಮೇವು ನೀರು ನೋಡುವಂತೆ ಇದನ್ನೂ ನೋಡತಕ್ಕದ್ದು.

ಗ್ರಾಮದ ಮುಖಂಡರಾದ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ. ತಮ್ಮ ಗ್ರಾಮದಲ್ಲಿ ಯಾರೂ ಯಾವ ಕುಂಡಕ್ಕೂ ಆಳನ್ನಿಳಿಸದಂತೆ ಕಟ್ಟುಮಾಡಿರಿ. ಹೀರುವ ಬಂಡಿಯು ಎಲ್ಲಿ ದೊರೆಯುವುದೆಂಬುದನ್ನು ಪಂಚಾಯಿತಿಯ ಕಚೇರಿಯ ಗೋಡೆಯ ಮೇಲೆ ಬರೆಯಿಸಿರಿ. ತಮ್ಮ ಹಿತ್ತಿಲಿನ ಗಾಳಿ ಪಂಪಿನ ಸದ್ದನ್ನು ದಿನಕ್ಕೊಮ್ಮೆ ತಾವೇ ಹೋಗಿ ಕೇಳಿರಿ. ಯಜಮಾನರು ಹೀಗೆ ನಡೆದುಕೊಂಡರೆ ಉಳಿದವರೂ ಅನುಸರಿಸುವರೆಂಬ ನಂಬಿಕೆ ನಮಗಿದೆ.